ಬಾರದ ಚಂದ್ರಿಕೆ

ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಎದುರಿಗೇ, ಮಧುಕುಮಾರ್ ನವ್ಯಶ್ರೀಯ ಎಡಗೈ ಹಿಡಿದು ತಿರುಚಿದ. ಅವಳು ಮಾಡಿದ ತಪ್ಪೇನೆಂದರೆ, ಸೋದರತ್ತೆಯ ಮಗ ಬಾಲರಾಜು ಜೊತೆ ನಿಂತು ನಕ್ಕಿದ್ದು. "ಹುಡ್ಗೀನ ಹದ್ದುಬಸ್ತಲ್ಲಿ ಇಟ್ಕೊಳಕಾಗಲ್ವೇನ್ಲಾ" ಎಂದು ಗೆಳೆಯರು ಅವನನ್ನು ಕಿಚಾಯಿಸಿದ್ದರು. ಗಂಡಸುತನ ತೋರಿಸುವುದಕ್ಕೆ ಪಿಯುಸಿ ಓದುವ ಹುಡುಗನಿಗೆ ಬೇರೆ ಜಾಗವೇ ಸಿಗಲಿಲ್ಲ ನೋಡಿ. ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಆಮೇಲೆ ಅವನೇ ಕರ್ಚೀಫು ಒತ್ತಿ, "ಇಷ್ಟ ಇರೋದ್ಕೇ ಕಣೆ ಕೋಪ ಬರೋದು. ಸಂಜೆ ಫೋನ್ ಮಾಡ್ತೀನಿ, ಒಂದೇ ರಿಂಗಿಗೆ ಎತ್ಬೇಕು" ಎಂದ.

ಕುದೂರಿನ ಬಸ್ಸಿನಲ್ಲಿ ಅವಳು ಕೈ ನೋಡಿಕೊಂಡಳು. ಊದಿತ್ತು. ನೋವು ಮಾತ್ರ ಎಲ್ಲಿ ಹೋಗಿತ್ತೋ, ಅಳುವೂ ಬರಲಿಲ್ಲ. ಯಾರೋ ಮರದ ಕೈ ತಂದು ಜೋಡಿಸಿದಂತಿತ್ತು. ಮಧು ಹೇಳಿದ ಮಾತು ಅವಳಿಗೆ ಹೊಸದಲ್ಲ. ಅವ್ವ ಚಿಕ್ಕಲಕ್ಷ್ಮಮ್ಮ ಅದನ್ನೇ ಹೇಳುತ್ತ ಬಂದಿದ್ದಳು: "ಅಕ್ಕರೆ ಇಲ್ದಿದ್ರೆ ನಿಮ್ಮಪ್ಪ ಯಾಕವ್ವ ಹೊಡೀತಾರೆ?" ಹಾಗಾಗಿ ಮೊದಲ ಸಲ ಮಧು ಕೆನ್ನೆಗೆ ಬಾರಿಸಿದಾಗ ನವ್ಯಶ್ರೀಗೆ ಭಯಕ್ಕಿಂತ ಸಮಾಧಾನವೇ ಆಗಿತ್ತು. ಸದ್ಯ, ಇವನದು ನಿಜವಾದ ಪ್ರೀತಿ ಅಂದುಕೊಂಡಿದ್ದಳು, ಪಾಪದ ಹುಡುಗಿ.

ಅಪ್ಪ ಚೆಲುವಯ್ಯನನ್ನು ರೇಷ್ಮೆಹುಳದ ಮನೆಯಲ್ಲಿ ನೋಡಬೇಕು. ಹುಳಕ್ಕೆ ಹೊಗೆ ಆಗದೆಂದು, ಬೀಡಿ ಸೇದಿದರೆ ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು, ಬಟ್ಟೆ ಬದಲಿಸಿಯೇ ಒಳಗೆ ಬರುತ್ತಿದ್ದ. ಅಲ್ಲಿ ದನಿ ಏರಿಸಿದ್ದೇ ಇಲ್ಲ. ಹುಳಕ್ಕಿದ್ದ ಮರ್ಯಾದೆ ಹೆಂಡತಿಗೆ ಇರಲಿಲ್ಲ, ಅಷ್ಟೆ. ಏಟು ಬಿದ್ದ ಮಾರನೆಯ ದಿನ ಅವ್ವ ಕೇಳಿದವರಿಗೆಲ್ಲ, "ಚಂದ್ರಿಕೆ ಬಿತ್ತು ಕಣಕ್ಕ" ಅನ್ನುತ್ತಿದ್ದಳು. ಚಂದ್ರಿಕೆಯೆಂದರೆ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಆಳೆತ್ತರದ ಬಿದಿರಿನ ತಟ್ಟಿ. ಬೇಕಾದಾಗ ಬಾಡಿಗೆಗೆ ತಂದು, ಗೂಡು ಬಿಡಿಸಿದ ಮೇಲೆ ವಾಪಸು ಕೊಡುತ್ತಾರೆ. ಊರೆಲ್ಲ ರೇಷ್ಮೆಯವರೇ. ಮನೆಯಲ್ಲಿಲ್ಲದ ಚಂದ್ರಿಕೆ ಮೈಮೇಲೆ ಹೇಗೆ ಬಿತ್ತೆಂದು ಒಬ್ಬರಾದರೂ ಬಾಯಿ ಬಿಡಲಿಲ್ಲ.

ಆ ಸಂಜೆ ಹುಳಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಕೊನೆಯ ಪೊರೆ ಬಿಟ್ಟ ಹಸಿವು ಅದು, ಎಷ್ಟು ಸೊಪ್ಪು ಹಾಕಿದರೂ ಸಾಲದು. ನವ್ಯಶ್ರೀ ಯೂನಿಫಾರ್ಮು ಬದಲಿಸಿ, ಫೋನನ್ನು ಸೊಪ್ಪಿನ ಬುಟ್ಟಿಯ ಪಕ್ಕ ಇಟ್ಟುಕೊಂಡೇ ಅವ್ವನ ಜೊತೆ ನಿಂತಳು. ಸೊಪ್ಪು ಹರಡುವಾಗ ಬಟ್ಟೆಯ ತೋಳು ಮೇಲೆ ಸರಿಯಿತು.

"ಕೈಗೇನಾಯ್ತವ್ವ?"

"ಚಂದ್ರಿಕೆ ಬಿತ್ತು." ಯೋಚಿಸುವ ಮೊದಲೇ ಬಾಯಿಗೆ ಬಂದಿತ್ತು.

ಅವ್ವ ಚಂದ್ರಿಕೆ ಒರಗಿಸುವ ಗೋಡೆಯ ಕಡೆ ನೋಡಿದಳು. ಗೋಡೆ ಖಾಲಿಯಿತ್ತು.

"ಚಂದ್ರಿಕೆ ಇನ್ನೂ ತಂದೇ ಇಲ್ವಲ್ಲವ್ವ."

"ನೀನು ಹೇಳ್ದಾಗ್ಲೂ ತಂದಿರ್ತಿರ್ಲಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸಿನ ಟೈಮು ಹೇಳಿದಷ್ಟು ಸಪ್ಪಗೆ ಹೇಳಿದಳು. ಅವ್ವನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು.

"ಯಾರವ್ವ ಅವ್ನು?"

"ನಮ್ ಕಾಲೇಜವ್ನು. ನನ್ ಮ್ಯಾಲೆ ಪ್ರಾಣಾನೇ ಇಟ್ಕೊಂಡವ್ನೆ."

ಅವ್ವ ಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟಳು. "ನಾನೇ ಹೇಳ್ಕೊಟ್ಟೆ" ಎಂದಳು. ಮಗಳಿಗೆ ಹೇಳಿದಳೋ, ತನಗೇ ಹೇಳಿಕೊಂಡಳೋ.

ಫೋನು ಬಡಿದುಕೊಂಡಿತು. ನವ್ಯಶ್ರೀಯ ಬಲಗೈ ತಾನಾಗಿ ಅದರತ್ತ ಹೋಯಿತು. ಅವ್ವ ಆ ಕೈ ಹಿಡಿದಳು. ತಿರುಚಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಫೋನು ನಿಂತಿತು, ಮತ್ತೆ ಶುರುವಾಯಿತು. ಎತ್ತದಿದ್ದರೆ ನಾಳೆ ಏನಾಗುತ್ತದೆಂದು ನವ್ಯಶ್ರೀಗೆ ಗೊತ್ತಿತ್ತು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ಬಾಗಿಲಾಚೆ ಕಾಲು ತೊಳೆಯುತ್ತಿದ್ದ ಚೆಲುವಯ್ಯ ರೇಗಿದ. "ಯಾರ್ದಮ್ಮೀ ಅದು ಫೋನು, ಒಂದೇ ಸಮ ಬಡ್ಕೋತೈತೆ?"

"ನಿಮ್ಮಂತೋನ್ದು" ಎಂದಳು ಅವ್ವ.

ನೀರಿನ ಸದ್ದು ನಿಂತಿತು. ಚೆಲುವಯ್ಯ ಒಳಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ. ಅವ್ವ ಮಗಳ ಕೈ ಬಿಡಲಿಲ್ಲ. ನವ್ಯಶ್ರೀಯ ಎಡ ಮಣಿಕಟ್ಟು ಆಗ ನೋಯತೊಡಗಿತು.