ನೋಡೂಣು

ಮೊಣಕಾಲು ಮಡಚಲಿಲ್ಲ. ಶವಸಂಸ್ಕಾರದ ಕಂಪನಿಯ ಮಿಸ್ಟರ್ ಕೋ ಒಂದು ಕಡೆ, ಸೂರಜ ಹಿರೇಮಠ ಇನ್ನೊಂದು ಕಡೆ ಹಿಡಿದು ಮತ್ತೊಮ್ಮೆ ಪ್ರಯತ್ನಿಸಿದರು. ಬದುಕಿದ್ದಾಗ ಯಾರಿಗೂ ಎದುರಾಡದ ಗುರುಬಸಪ್ಪ ಈಗ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಅಂಕಲ್ ಕೆನಾಟ್ ಸಿಟ್ ಲಾ," ಎಂದು ಮಿಸ್ಟರ್ ಕೋ ಕೈಗವಸು ಕಳಚಿದ. "ಮೆಡಿಸಿನ್ ಹಾಕಿ ಆಯ್ತು, ಬಾಡಿ ಗಟ್ಟಿ. ಟೂ ಲೇಟ್ ಆಲ್ರೆಡಿ," ಎಂದು ಅವನು ಹೇಳಿದ್ದನ್ನು ಸೂರಜ ಅರ್ಧ ಕನ್ನಡ ಮಾಡಿ ಗುರುಬಸಪ್ಪನ ಹೆಂಡತಿ ಭುವನೇಶ್ವರಿಗೆ ತಲುಪಿಸಿದ. ಅದರ ಅಗತ್ಯವಿರಲಿಲ್ಲ. ಆಕೆ ನೋಡುತ್ತಲೇ ಇದ್ದಳು.

ಗುರುಬಸಪ್ಪನ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಜೀವ ಹೋದ ಕೂಡಲೇ ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ. ಕೂತ ಹಾಗೆಯೇ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಕಡಲಾಚೆಯ ಸೆಂಬವಾಂಗಿನಲ್ಲಿ, ಫ್ಲ್ಯಾಟುಗಳ ಈ ಬ್ಲಾಕಿನ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಗೋಡೆಯೂ ಇತ್ತು, ಹೂವಿನ ಹಾರವೂ ಇತ್ತು. ಕೂರುವವನು ಮಾತ್ರ ಉದ್ದಕ್ಕೆ ಮಲಗಿಬಿಟ್ಟಿದ್ದ.

"ಮಲಗಿಸಿದ್ರೂ ನಡಿಯುತ್ತಂತೆ ಆಂಟಿ," ಎಂದ ಸೂರಜ. ಅಯ್ಯನವರ ಮನೆಯಲ್ಲಿ ಹುಟ್ಟಿದ ಒಂದೇ ತಪ್ಪಿಗೆ ಇವತ್ತು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ರಜೆ ಹಾಕಿ ಮಂತ್ರ ಹೇಳಲು ಬಂದಿದ್ದ ಹುಡುಗ. "ನಮ್ಮಮ್ಮಂಗೆ ಫೋನ್ ಮಾಡಿ ಕೇಳ್ದೆ."

"ಆಗ್ಲಿ," ಎಂದಳು ಭುವನೇಶ್ವರಿ.

ಗುರುಬಸಪ್ಪನ ಜೊತೆ ಟ್ರಸ್ಟಿನಲ್ಲಿದ್ದ ದ್ವಾರಕನಾಥ್ ಮುಂದೆ ಬಂದ. ಕಣ್ಣು ಕೆಂಪಾಗಿತ್ತು. "ಆಂಟಿ, ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಆಸ್ಪತ್ರೆಲಿ ನಾನು ಕೇಳ್ದೆ ಅಲ್ವಾ? ನೀವು ನೋಡೋಣ ಅಂದ್ರಿ."

"ಹೌದು. ಅಂದೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಆಕೆಗೆ ಇಡೀ ಮೈ ಹಾಗಾಗಿತ್ತು.

*

ಆಸ್ಪತ್ರೆಯಲ್ಲಿ ದ್ವಾರಕನಾಥ್ ಓಡಾಡಿದಂತೆ ಒಡಹುಟ್ಟಿದವರೂ ಓಡಾಡುತ್ತಿರಲಿಲ್ಲ. ತಂಜಾಂಗ್ ಪಗಾರ್‌ನ ಆಫೀಸಿನಿಂದ ಟೈ ಕಟ್ಟಿದವನು ಕಟ್ಟಿದ ಹಾಗೇ ಬಂದಿದ್ದ. ಎಲ್ಲ ಕೌಂಟರಿನಲ್ಲೂ ಅವನೇ ನಿಂತ. "ನೀವು ಕೂತಿರಿ ಆಂಟಿ, ನಾನು ನೋಡ್ಕೋತೀನಿ," ಎಂದ.

ಆಮೇಲೆ ಬಂದು ಮೆಲ್ಲಗೆ ಕೇಳಿದ. "ಬಾಡಿ ಕೆಡದ ಹಾಗೆ ಎಂಬಾಮಿಂಗ್ ಮಾಡಿಸ್ಬಿಡ್ಲಾ? ಸುರೇಖಾ ಸಿಡ್ನಿಯಿಂದ ಬರೋತನಕ ಇಡ್ಬೇಕಲ್ವಾ?"

"ನೋಡೋಣ್ರಿ," ಎಂದಿದ್ದಳು ಭುವನೇಶ್ವರಿ. ದ್ವಾರಕನಾಥ್ ಅದನ್ನೇ ಒಪ್ಪಿಗೆ ಎಂದುಕೊಂಡು ಮಾಡಿಸಿಬಿಟ್ಟ.

ಆ ಮಾತು ಗಂಡನದು. ಗುರುಬಸಪ್ಪ ಜನ್ಮದಲ್ಲಿ ಯಾರಿಗೂ 'ಬೇಡ' ಅಂದವನಲ್ಲ. ಕಾಂಡೋಗೆ ಶಿಫ್ಟ್ ಆಗೋಣ ಎಂದರೆ ನೋಡೂಣು. ಕಾರು ತಗೊಳ್ಳೋಣ ಎಂದರೆ ನೋಡೂಣು. ಬೇಕೆನಿಸಿದ ಕೆಲಸಕ್ಕೆ ಅವನು ಮಾತೇ ಖರ್ಚು ಮಾಡುತ್ತಿರಲಿಲ್ಲ, ಎದ್ದು ಮಾಡಿಬಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಭುವನೇಶ್ವರಿ ಆ ನೋಡೂಣುವನ್ನು ನಂಬಿ ಕಾದದ್ದೇ ಕಾದದ್ದು. ಅದು 'ಬೇಡ' ಎಂಬುದರ ಮರ್ಯಾದಸ್ಥ ಹೆಸರು ಎಂದು ತಿಳಿಯುವಷ್ಟರಲ್ಲಿ ತಾನೂ ಹಾಗೇ ಅನ್ನತೊಡಗಿದ್ದಳು. ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಮನೆಯ ಹೊರಗೂ ಜನರಿದ್ದಾರೆ ಎನ್ನುವುದು ಮರೆತಿತ್ತು, ಅಷ್ಟೆ.

*

ಬಸ್ಸು ಸ್ಮಶಾನದ ಕಡೆ ಹೊರಟಿತು. ಶವದ ವ್ಯಾನು ಮುಂದೆ ಹೋಗುತ್ತಿತ್ತು. ಭುವನೇಶ್ವರಿಯ ಪಕ್ಕ ಮಗಳು ಸುರೇಖಾ, ಹಿಂದಿನ ಸೀಟಿನಲ್ಲಿ ಮೋಹಿನಿ ಮತ್ತು ದ್ವಾರಕನಾಥ್. ಗುರುಬಸಪ್ಪನ ಜೊತೆ ಇವರಿಬ್ಬರು ಸೇರಿದರೆ ಟ್ರಸ್ಟಿನ ಬೋರ್ಡು ಪೂರ್ತಿ. ಊರಿನ ಕಡೆ ಬಯಲು, ಗುಡ್ಡ, ಹುಲ್ಲುಗಾವಲು ಕೊಂಡು ಅಲ್ಲಿ ಯಾರೂ ಏನೂ ಕಟ್ಟದಂತೆ ಬಿಡುವ ಟ್ರಸ್ಟ್ ಅದು. ಜಮೀನು ಕೊಂಡು ಸುಮ್ಮನಿರುವುದಕ್ಕೆ ಒಂದು ಬೋರ್ಡು ಬೇಕೇ ಎಂದು ಉಳಿದ ಕನ್ನಡಿಗರು ನಗುತ್ತಿದ್ದರು. ಅವರೆಲ್ಲ ಆಗ ಸೈಟು ಕೊಳ್ಳುವ ಭರಾಟೆಯಲ್ಲಿದ್ದರು.

ಮೀಟಿಂಗು ನಡೆಯುತ್ತಿದ್ದದ್ದು ಮೋಹಿನಿಯ ಮನೆಯಲ್ಲಿ. ಗುರುಬಸಪ್ಪ ಜುರಾಂಗ್ ಐಲ್ಯಾಂಡಿನ ಕಂಪನಿ ಬಸ್ಸಿನಿಂದ ಇಳಿದು, ಪೈಪ್‌ಲೈನಿನ ವಾಸನೆ ಹೊತ್ತುಕೊಂಡೇ ಬರುತ್ತಿದ್ದ. ಕುರ್ಚಿ ಬಿಟ್ಟು ಗೋಡೆಗೊರಗಿ ನಿಲ್ಲುತ್ತಿದ್ದ. ಅಡುಗೆಮನೆಗೆ ಹೋಗಿ ತಾನೇ ಚಹಾ ಸೋಸಿ ತರುತ್ತಿದ್ದ.

"ಆಂಟಿ," ಎಂದ ದ್ವಾರಕನಾಥ್, ಸೀಟಿನ ಮೇಲಿಂದ ಬಗ್ಗಿ. "ಇವತ್ತು ಈ ವಿಷಯ ಎತ್ಬಾರ್ದು. ಆದ್ರೆ ಸೋಮವಾರ ಅವ್ರಿಗೆ ಉತ್ತರ ಕೊಡ್ಬೇಕು."

"ಯಾರ್ಗೆ?"

"ಗಜೇಂದ್ರಗಡದ ಹತ್ರ ನಮ್ಮ ಗುಡ್ಡ ಇದ್ಯಲ್ಲ, ಅದನ್ನ ಕೇಳ್ತಿದಾರೆ. ವೀಕೆಂಡ್ ವಿಲ್ಲಾಸ್ ಮಾಡ್ತಾರಂತೆ. ಅದೊಂದು ಕೊಟ್ರೆ ಬೇರೆ ಕಡೆ ದೊಡ್ಡ ಬಯಲೇ ತಗೋಬಹುದು. ನಾನೂ ಮೋಹಿನಿ ಆಂಟಿನೂ ಓಕೆ ಅಂದಿದೀವಿ. ಅಂಕಲ್ಲೂ ಒಪ್ಪಿದ್ರು."

ಭುವನೇಶ್ವರಿ ಕಿಟಕಿಯಿಂದ ತಿರುಗಿದಳು. "ಅವ್ರು ಒಪ್ಪಿದ್ರಾ?"

"ಲಾಸ್ಟ್ ಮೀಟಿಂಗಲ್ಲಿ ನೋಡೋಣ ಅಂದ್ರಲ್ಲ. ಈಗ ಅವರ ಸೀಟು ನಿಮಗೆ ಬರುತ್ತೆ, ರೂಲ್ ಹಾಗಿದೆ. ಮೂರೂ ಜನ ಹ್ಞೂಂ ಅನ್ನದೆ ಮಾರೋಕಾಗಲ್ಲ. ನೀವೊಂದು ಮಾತು ಹೇಳಿದ್ರೆ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ."

ಸುರೇಖಾ ಅಮ್ಮನ ಮುಖ ನೋಡಿದಳು. "ಅಪ್ಪ ನೋಡೋಣ ಅಂದ್ರೆ..."

"ಸುಮ್ನಿರು," ಎಂದಳು ಭುವನೇಶ್ವರಿ.

ಮೋಹಿನಿ ಅಷ್ಟು ಹೊತ್ತು ಕರ್ಚೀಫು ಮಡಚುತ್ತ ಕೂತಿದ್ದಳು. ಈಗ ಮಡಚುವುದು ನಿಂತಿತು. "ದ್ವಾರಕ್, ಟ್ರಸ್ಟಿಗೆ ವೆಬ್‌ಸೈಟ್ ಮಾಡೋಣ ಅಂತ ನೀನು ಹೇಳಿದ್ಯಲ್ಲ. ಆಗ ಗುರುಬಸಪ್ಪ ಏನಂದ್ರು?"

"ನೋಡೋಣ ಅಂದ್ರು."

"ಡಿನ್ನರ್ ಇಟ್ಟು ಮಿನಿಸ್ಟ್ರನ್ನ ಕರೆಯೋಣ ಅಂದಾಗ?"

"ನೋಡೋಣ ಅಂತಲೇ." ಅವನ ಧ್ವನಿ ಇಳಿಯಿತು.

"ಅದ್ರಲ್ಲಿ ಯಾವುದಾದ್ರೂ ಒಂದು ಆಗಿದ್ಯಾ ಮಾರಾಯ?"

ಬಗ್ಗಿದ್ದ ದ್ವಾರಕನಾಥ್ ಹಿಂದೆ ಸರಿದು ಕೂತ. ಬಸ್ಸು ಹೆದ್ದಾರಿಯಿಂದ ಇಳಿದು ಎಡಕ್ಕೆ ಹೊರಳಿತು.

*

ಒಂದು ಸಲ ಊರಿಗೆ ಹೋದಾಗ ಗುರುಬಸಪ್ಪ ಆ ಗುಡ್ಡ ತೋರಿಸಲು ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿದ್ದ. ಭುವನೇಶ್ವರಿಗೆ ಅಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ. ಒಣಗಿದ ಹುಲ್ಲು, ಕಲ್ಲು, ದೂರದಲ್ಲಿ ಕುರಿಗಳ ಹಿಂಡು. ಗಾಳಿ ಮಾತ್ರ ಸೆರಗು ಹಿಡಿಯಲು ಬಿಡದಷ್ಟಿತ್ತು.

ಗುರುಬಸಪ್ಪ ಚಪ್ಪಲಿ ಬಿಟ್ಟು, ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಮೀಟಿಂಗಿನಲ್ಲಿ ನಿಲ್ಲುವವನು, ಮನೆಯಲ್ಲಿ ನಿಂತೇ ಪೇಪರು ಓದುವವನು ಕೂತದ್ದನ್ನು ಕಂಡು ಆಕೆಗೆ ಗಾಬರಿಯೇ ಆಯಿತು.

"ಎದಿ ನೋವ್ ಏನ್ರಿ?"

"ಇಲ್ಲ. ಆರಾಮ ಅದೀನಿ."

ಬಿಸಿಲೇರಿತು. ಚಿಕ್ಕವಳಾಗಿದ್ದ ಸುರೇಖಾ ಅಪ್ಪನ ತೋಳು ಜಗ್ಗಿದಳು. "ಅಪ್ಪಾ, ಹೋಗೋಣ ಲಾ. ಕಾರು ಕಾಯ್ತಾ ಇದೆ."

"ನೋಡೂಣು," ಎಂದ ಗುರುಬಸಪ್ಪ. ಏಳಲಿಲ್ಲ.

*

ಗುಂಡಿ ಉದ್ದಕ್ಕೆ ತೋಡಿದ್ದರು. ಪಕ್ಕದಲ್ಲೆಲ್ಲ ಅದೇ ಅಳತೆಯ ಸಮಾಧಿಗಳು, ಮಧ್ಯೆ ಕತ್ತರಿಸಿದ ಹುಲ್ಲು. ಇಲ್ಲಿ ಹದಿನೈದು ವರ್ಷಕ್ಕೆ ಸರಕಾರ ಮೂಳೆ ತೆಗೆಸಿ ಜಾಗ ಖಾಲಿ ಮಾಡಿಸುತ್ತದೆ. ಈ ಊರಿನಲ್ಲಿ ಸತ್ತವನೂ ಬಾಡಿಗೆದಾರನೇ.

ಸೂರಜ ತಡವರಿಸುತ್ತ ಮಂತ್ರ ಹೇಳಿದ. ವಿಭೂತಿ ಹಚ್ಚಿದರು, ಬಿಲ್ವಪತ್ರೆ ಹಾಕಿದರು. ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮುಚ್ಚಿದರು. ಪೆಟ್ಟಿಗೆ ಕೆಳಗಿಳಿಯಿತು. ಭುವನೇಶ್ವರಿ ಒಂದು ಹಿಡಿ ಮಣ್ಣು ಹಾಕಿದಳು. ಮಣ್ಣು ಜಿಗುಟಾಗಿತ್ತು, ಅಂಗೈಗೆ ಅಂಟಿಕೊಂಡು ಪೂರ್ತಿ ಬೀಳಲಿಲ್ಲ.

ಗುಂಡಿ ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ಬಸ್ಸಿನ ಕಡೆ ನಡೆದರು. ದ್ವಾರಕನಾಥ್ ಹಿಂದೆ ಉಳಿದ. ಮೋಹಿನಿ ಅವನ ಮೊಣಕೈ ಮುಟ್ಟಿ ಬೇಡವೆಂದು ತಲೆಯಾಡಿಸಿದಳು, ಆದರೂ ಅವನು ಕೇಳಿಯೇಬಿಟ್ಟ. ಕೆಟ್ಟವನಲ್ಲ, ಸರಿಯಾಗಿ ತಿಳಿಯದೆ ಮಾಡಿದ ಒಂದು ಕೆಲಸ ಅವನನ್ನು ಬೆಳಗಿನಿಂದ ತಿನ್ನುತ್ತಿತ್ತು.

"ಆಂಟಿ, ಇನ್ನೊಂದ್ಸಲ ತಪ್ಪು ಮಾಡೋಕೆ ನಂಗಿಷ್ಟ ಇಲ್ಲ. ಗುಡ್ಡದ ವಿಷಯ ನೀವೇ ಹೇಳಿ."

ರೂಢಿಯ ಮಾತು ತಾನಾಗಿ ಬಾಯಿಗೆ ಬಂತು. ಭುವನೇಶ್ವರಿ ಅದನ್ನು ಹಲ್ಲಿನ ಹಿಂದೆಯೇ ತಡೆದಳು. ಅದನ್ನಾಡಿದ್ದಕ್ಕೇ ಗಂಡ ಈಗ ಉದ್ದಕ್ಕೆ ಮಲಗಿದ್ದ. ಅವನು ಇಡೀ ಆಯುಷ್ಯದಲ್ಲಿ ಆಡದೆ ಉಳಿಸಿಹೋದ ಮಾತನ್ನು ಆಕೆ ಹುಡುಕಿ ತೆಗೆಯಬೇಕಾಯಿತು.

"ಬ್ಯಾಡ," ಎಂದಳು.

"ಆಂಟಿ?"

"ಗುಡ್ಡ ಮಾರೂದು ಬ್ಯಾಡ್ರಿ. ಅವ್ರೂ ಬ್ಯಾಡಂತನ ಅಂದಿದ್ರು. ನಾನೂ ಬ್ಯಾಡಂತೀನಿ."

ಹೊರಗಿನವರ ನಡುವೆ ಎಂದೂ ಆಡದ ತವರಿನ ಮಾತು ಅದು. ಜೋರಾಗಿಯೇ ಬಂದಿತ್ತು. ಬಸ್ಸಿನ ಬಳಿ ನಿಂತಿದ್ದವರು ತಿರುಗಿ ನೋಡಿದರು. ದ್ವಾರಕನಾಥ್ "ಸರಿ ಆಂಟಿ," ಎಂದ. "ಅವ್ರಿಗೆ ಹಾಗೇ ಹೇಳ್ತೀನಿ," ಎಂದು ಮೋಹಿನಿಯ ಜೊತೆ ಹೊರಟುಹೋದ.

ಬೆಳಗಿನಿಂದ ಇಲ್ಲದ ಕೈ ಈಗ ಎಲ್ಲಿಂದಲೋ ವಾಪಸು ಬಂದಂತಿತ್ತು. ಅಂಗೈಯ ಮಣ್ಣು ಒಣಗಿ ಬಿರಿಯುತ್ತಿತ್ತು.

ಭುವನೇಶ್ವರಿ ಚಪ್ಪಲಿ ಬಿಟ್ಟಳು. ಮುಚ್ಚಿದ ಗುಂಡಿಯ ಪಕ್ಕ ಒದ್ದೆ ನೆಲದ ಮೇಲೆ, ಬೆನ್ನು ನೆಟ್ಟಗೆ ಮಾಡಿ, ಚಕ್ಕಳಮಕ್ಕಳ ಹಾಕಿ ಕೂತಳು.

ಬಸ್ಸಿನ ಹಾರನ್ನು ಕೇಳಿಸಿತು. "ಅಮ್ಮಾ," ಎಂದಳು ಸುರೇಖಾ, "ಎಲ್ರೂ ಕಾಯ್ತಿದಾರೆ ಲಾ. ಹೋಗೋಣ್ವಾ?"

"ನೋಡೂಣು."

ಸುರೇಖಾ ಬಸ್ಸಿನ ಕಡೆ ಕೈ ಬೀಸಿ, ಮುಂದೆ ಹೋಗಿ ಎಂದು ಸನ್ನೆ ಮಾಡಿದಳು. ಆಮೇಲೆ ಶೂ ಬಿಚ್ಚಿ ಅಮ್ಮನ ಪಕ್ಕ ನೆಲದ ಮೇಲೆ ಕಾಲು ಮಡಚಿ ಕೂತಳು.