ನಲವತ್ತೊಂದನೆಯ ಪುಟ

‘ನೆರಳುಕೋಟೆ’ಯ ಮೂರನೆಯ ಭಾಗದಲ್ಲಿ ನಲವತ್ತೊಂದು ಎಂಬ ಪುಟಸಂಖ್ಯೆಯ ಸುತ್ತ ಯಾರೋ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿದ್ದರು. ಅಷ್ಟೇ. ಬುಡೇನ್ ಸಾಬರ ಸರ್ಕ್ಯುಲೇಟಿಂಗ್ ಲೈಬ್ರರಿಯ ಪುಸ್ತಕಗಳಲ್ಲಿ ಇದಕ್ಕಿಂತ ಘನಂದಾರಿ ಕೆಲಸಗಳು ನಡೆದಿರುತ್ತಿದ್ದವು. ನಾಯಕಿಯ ಚಿತ್ರಕ್ಕೆ ಮೀಸೆ, ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ‘ಕೊಲೆ ಮಾಡಿದ್ದು ಡಾಕ್ಟ್ರು’ ಎಂಬ ಉಪಕಾರ, ಅಲ್ಲಲ್ಲಿ ಸಾರಿನ ಕಲೆ. ಅವನ್ನೆಲ್ಲ ಕಂಡು ನಕ್ಕು ಪುಟ ತಿರುವುತ್ತಿದ್ದ ಮಂಗಳಗೌರಿಗೆ ಈ ಪುಟ್ಟ ಸೊನ್ನೆಯನ್ನು ದಾಟಿ ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ.

ಮಂಗಳಗೌರಿ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಲ್ಲಿಕ್‌ನ ಹೆಂಡತಿ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಸಂಜೆಯ ಕಾಫಿಯವರೆಗೆ ಅವಳದೇ ರಾಜ್ಯ. ಮೊದಲು ಅತ್ತೆ ಸೊಸೆಯರ ಕಾದಂಬರಿಗಳನ್ನು ಓದುತ್ತಿದ್ದಳು. ಈ ಮಾಯಾಮಂತ್ರದ ಹುಚ್ಚು ಹತ್ತಿಸಿದವಳು ನಾದಿನಿ ವಾಣಿಶ್ರೀ. ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಯ ಮನೆಗೆ ಮದುವೆಯಾಗಿ ಹೋದ ವಾಣಿ ತಿಂಗಳಿಗೊಮ್ಮೆ ಅಣ್ಣನ ಮನೆಗೆ ಬರುತ್ತಿದ್ದಳು. ಬಂದವಳು ಬುಡೇನ್ ಸಾಬರಲ್ಲಿ ಒಂದು ಭಾಗ ಒಯ್ದು ಓದಿ, ಮುಂದಿನ ತಿಂಗಳು ತಂದು ಹಾಕುತ್ತಿದ್ದಳು. ಅವಳು ಹಾಕಿದ್ದನ್ನು ಮಂಗಳಗೌರಿ ಎತ್ತಿಕೊಳ್ಳುತ್ತಿದ್ದಳು.

ಏಳು ಭಾಗಗಳ ಕಾದಂಬರಿ ಅದು. ಸೂರ್ಯ ಹುಟ್ಟದ ಒಂದು ಕೋಟೆ. ಪಟ್ಟಕ್ಕಾಗಿ ತನ್ನ ನೆರಳನ್ನೇ ಮಾಂತ್ರಿಕನಿಗೆ ಮಾರಿಕೊಂಡ ರಾಜ. ಹೆಣಗಳನ್ನು ಎಬ್ಬಿಸಿ ಹೊಲ ಉಳುಮೆ ಮಾಡಿಸುವ ಮಂತ್ರಿ. ಮನುಷ್ಯರ ಮೇಲಿಲ್ಲದ ಕರುಣೆಯನ್ನು ಕಾಗೆಗಳ ಮೇಲೆ ಇಟ್ಟುಕೊಂಡ ಮಾಂತ್ರಿಕ. "ಇದ್ರಾಗೆ ಒಬ್ನೂ ಒಳ್ಳೇನಿಲ್ಲ ಅಕ್ಕಾರೆ, ಅದಕ್ಕೇ ಎಲ್ರೂ ಓದ್ತಾರೆ," ಎಂದು ಬುಡೇನ್ ಸಾಬರು ಮೊದಲ ಭಾಗ ಕೊಡುವಾಗಲೇ ಎಚ್ಚರಿಸಿದ್ದರು. ಆಗ ಅವಳು ನಕ್ಕಿದ್ದಳು.

ಮೂರನೆಯ ಭಾಗದ ನಲವತ್ತೊಂದನೆಯ ಪುಟದಲ್ಲಿ ಕೋಟೆಯ ಸೊಸೆ ನಿಶಾವತಿ, ತನ್ನ ನಾದಿನಿಗೆ ಮಂತ್ರಪೀಠದಿಂದ ಬಂದ ಕರೆಯೋಲೆಯನ್ನು ಯಾರಿಗೂ ಕಾಣದಂತೆ ದೀಪಕ್ಕೆ ಹಿಡಿಯುತ್ತಾಳೆ. ಓಲೆ ಸುಟ್ಟು ಬೂದಿಯಾಗುತ್ತದೆ. ನಾದಿನಿ ಬಾಗಿಲಲ್ಲಿ ಕಾಯುತ್ತಲೇ ಇರುತ್ತಾಳೆ.

ಮಂಗಳಗೌರಿ ಪುಸ್ತಕ ಮುಚ್ಚಿ, ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಹಗಲು ಎರಡೂವರೆ ಗಂಟೆಗೆ ಯಾವ ಕಳ್ಳನಿಗೆ ಹೆದರಿ ಚಿಲಕ ಹಾಕಿದಳೋ ಅವಳಿಗೇ ಗೊತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು. ವಾಣಿ ಟಿಸಿಎಚ್ ಮುಗಿಸಿ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮಾವ ಮುರುಗೇಂದ್ರಪ್ಪನವರಿಗೆ ಮಗಳು ಬ್ಯಾಗು ನೇತುಹಾಕಿಕೊಂಡು ಬಸ್ಸು ಹತ್ತುವುದು ಇಷ್ಟವಿರಲಿಲ್ಲ, ಆದರೂ ಬೇಡವೆಂದಿರಲಿಲ್ಲ. ಅತ್ತೆ ತಿಪ್ಪೇರುದ್ರಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ವಾಣಿಯದೇ. ಮಂಗಳಗೌರಿಗೆ ಆಗ ಆರು ತಿಂಗಳು. ಒಂದು ದಿನ ಪೋಸ್ಟ್‌ಮನ್ ಕ್ಯಾತಣ್ಣ ವಾಣಿಯ ಹೆಸರಿನ ಕವರನ್ನು ಬಾಗಿಲಲ್ಲಿ ನಿಂತಿದ್ದ ಇವಳ ಕೈಗೆ ಕೊಟ್ಟು ಸೈಕಲ್ ಹತ್ತಿದ. ಒಡೆದು ನೋಡಿದರೆ, ಜನವರಿ ನಾಲ್ಕಕ್ಕೆ ಚಿತ್ರದುರ್ಗದಲ್ಲಿ ಸಂದರ್ಶನ. ವಾಣಿ ಹೋದರೆ ಅತ್ತೆಯ ಹಾಸಿಗೆ ತನ್ನ ಪಾಲಿಗೆ, ಹೊಟ್ಟೆಯಲ್ಲಿ ಕೂಸು ಬೇರೆ. ಎರಡು ದಿನ ಕಳೆಯಲಿ, ಆಮೇಲೆ ಕೊಟ್ಟರಾಯಿತು ಎಂದು ಕವರನ್ನು ತನ್ನ ಟ್ರಂಕಿನ ತಳಕ್ಕೆ ತುರುಕಿದಳು. ಆ ಎರಡು ದಿನ ಕಳೆಯಲೇ ಇಲ್ಲ. ಜನವರಿ ಆರಕ್ಕೆ ಕವರು ಬಚ್ಚಲ ಒಲೆ ಸೇರಿತು.

ಹೆರಿಗೆಯಾಗಿ ಇವಳು ಜ್ವರದಲ್ಲಿ ಬಿದ್ದಾಗ ಕೂಸಿಗೆ ಎಣ್ಣೆ ತೀಡಿ ನೀರೆರೆದವಳು ಅದೇ ವಾಣಿ. ಮೂರು ತಿಂಗಳು ಕೂಸು ಅವಳ ಮಗ್ಗುಲಲ್ಲೇ ಮಲಗಿತು. ಮಂಗಳಗೌರಿಗೆ ಒಡಹುಟ್ಟಿದವರಿಲ್ಲ. ಈ ಲೋಕದಲ್ಲಿ ತನ್ನನ್ನು ಅತ್ತಿಗೆ ಎಂದು ಬಾಯ್ತುಂಬ ಕರೆಯುವ ಜೀವ ಅದೊಂದೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಜೀವಕ್ಕೆ ಈಗ ವಿಷಯ ಗೊತ್ತಾಗಿದೆಯೇ? ನಲವತ್ತೊಂದು. ನಾಲ್ಕು, ಒಂದು. ಜನವರಿ ನಾಲ್ಕು! ಅಷ್ಟು ಲೆಕ್ಕ ಕೂಡಿಬಂದದ್ದೇ ತಡ, ಮಂಗಳಗೌರಿ ಎದ್ದು ಹೋಗಿ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿ ಬಂದಳು.

ಮರುವಾರ ವಾಣಿ ಬಂದಳು. ಎಂದಿನಂತೆ ಬ್ಯಾಗು ಮೂಲೆಗೆಸೆದು ನೇರ ಅಡುಗೆಮನೆಗೆ ನುಗ್ಗಿ, ಕಟ್ಟೆಯ ಮೇಲೆ ಕೂತು ಕಡಲೆಬೀಜ ಬಾಯಿಗೆ ಹಾಕಿಕೊಂಡಳು.

"ಮೂರನೇ ಭಾಗ ಮುಗೀತಾ ಅತ್ತಿಗೆ? ನಿಶಾವತಿ ಹೆಂಗೆ?"

"ಥೂ, ಪಾಪಿ ಅವಳು," ಎಂದಳು ಮಂಗಳಗೌರಿ, ಒಗ್ಗರಣೆ ಸೌಟಿನಿಂದ ಕಣ್ಣೆತ್ತದೆ.

"ಹಂಗನ್ನಬ್ಯಾಡ್ರಿ. ನಂಗೆ ಅವಳಂದ್ರೇ ಇಷ್ಟ. ಕೋಟೆ ತುಂಬ ಚಾಕರಿ, ಹೊಟ್ಟೆಯಾಗೆ ಕೂಸು. ಅವಳಾದ್ರೂ ಏನ್ ಮಾಡ್ಬೇಕು ಹೇಳ್ರಿ?"

ಸಾಸಿವೆ ಸೀದು ಹೊಗೆಯೆದ್ದಿತು. ವಾಣಿ ಕೆಮ್ಮುತ್ತಾ ನಕ್ಕಳು. ಆ ನಗು ಬರೀ ಹೊಗೆಯದೋ ಅಥವಾ ಬೇರೆಯದೋ? ಅವತ್ತಿಡೀ ಮಂಗಳಗೌರಿ ನಾದಿನಿಯ ಮುಖವನ್ನು ಕದ್ದು ಕದ್ದು ನೋಡಿದಳು. ಅವಳು ಸಾರು ಹೆಚ್ಚಿಗೆ ಬಡಿಸಿಕೊಂಡರೆ ಅದಕ್ಕೊಂದು ಅರ್ಥ, ಬೇಡವೆಂದರೆ ಇನ್ನೊಂದು ಅರ್ಥ. ಹೊರಡುವಾಗ ವಾಣಿ "ಬರ್ತೀನಿ ಅತ್ತಿಗೆ, ಹುಷಾರು" ಎಂದದ್ದು ಆರೋಗ್ಯದ ಮಾತೋ ಬೆದರಿಕೆಯೋ ಎಂದು ಎರಡು ದಿನ ತಲೆ ಕೆಡಿಸಿಕೊಂಡಳು.

ನಾಲ್ಕನೆಯ ಭಾಗ ಕೈಗೆ ಬಂದಾಗ ಕಥೆ ಯಾರಿಗೆ ಬೇಕಿತ್ತು! ಲೈಬ್ರರಿಯ ಮೆಟ್ಟಿಲ ಮೇಲೆ ನಿಂತೇ ನಲವತ್ತೊಂದನ್ನು ತೆರೆದಳು. ಸೊನ್ನೆ ಇತ್ತು. ಆ ಪುಟದಲ್ಲಿ ನಿಶಾವತಿ ನಾದಿನಿಯ ತಲೆ ಬಾಚುತ್ತಾ ‘ನಿನಗೆ ಓಲೆ ಬರಲೇ ಇಲ್ಲ ಕಣೆ’ ಎನ್ನುತ್ತಾಳೆ. ಐದನೆಯದರಲ್ಲೂ ಸೊನ್ನೆ ಇತ್ತು. ಅಲ್ಲಿ ಮಾತ್ರ ಒಂದು ಮುದಿ ಕುದುರೆ ಲಾಯದಲ್ಲಿ ಹುಲ್ಲು ತಿನ್ನುತ್ತಿತ್ತು, ಇಡೀ ಪುಟ ಅದರದೇ ವರ್ಣನೆ. ಬೇರೆಯವರಾಗಿದ್ದರೆ ಅಲ್ಲಿಗೆ ಸಮಾಧಾನವಾಗುತ್ತಿತ್ತು. ಮಂಗಳಗೌರಿ ಅರ್ಧ ಗಂಟೆ ಆ ಕುದುರೆಯನ್ನೇ ನೋಡಿ, ಹುಲ್ಲಿನ ಕೆಳಗೆ ಏನೋ ಮುಚ್ಚಿಟ್ಟಿದೆ ಎಂಬ ಸೂಚನೆ ಇದು, ಟ್ರಂಕಿನ ವಿಷಯವೂ ಅವಳಿಗೆ ತಿಳಿದಿದೆ ಎಂದು ತೀರ್ಮಾನಿಸಿದಳು. ಸಂಶಯ ಹೊಕ್ಕ ತಲೆಗೆ ಕುದುರೆಯಾದರೂ ಆದೀತು.

ಪುಸ್ತಕ ಹಿಡಿದು ಬುಡೇನ್ ಸಾಬರ ಮುಂದೆ ನಿಂತಳು.

"ಸಾಬ್ರೆ, ಇದನ್ನ ನನಗಿಂತ ಮುಂಚೆ ಯಾರ್ ಯಾರು ಒಯ್ದಿದ್ರು? ರಿಜಿಸ್ಟರ್ ಒಂಚೂರು ತೋರಿಸ್ರಿ."

ಬುಡೇನ್ ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅದೊಂದು ಕೇಳಬ್ಯಾಡ್ರಿ ಅಕ್ಕಾರೆ. ಯಾರು ಏನ್ ಓದ್ತಾರೆ ಅಂತ ನಾನು ನನ್ ಹೆಂಡ್ತಿ ನೂರ್ ಬೀಗೂ ಹೇಳಲ್ಲ. ನೀವ್ ಏನೇನು ಒಯ್ದೀರಿ ಅಂತ ಯಾರಾರ ಕೇಳಿದ್ರೆ ಹೇಳ್ಲಾ?"

"ಯಾರಾದ್ರೂ ಕೇಳಿದ್ರಾ?" ಎಂದಳು ಮಂಗಳಗೌರಿ ತಟ್ಟನೆ.

ಸಾಬರು ಅವಳ ಮುಖ ನೋಡಿದರು. "ಯಾರೂ ಕೇಳಿಲ್ಲವ್ವ. ನೀರು ಕುಡೀತೀರಾ?"

ನೀರು ಬೇಕಿರಲಿಲ್ಲ. ಆ ಸಾಬರೂ ಇದರಲ್ಲಿ ಸೇರಿದ್ದಾರೆ ಎಂದುಕೊಂಡೇ ಮೆಟ್ಟಿಲಿಳಿದಳು. ಇನ್ನೆರಡು ಭಾಗಗಳಿದ್ದವು. ಇನ್ನೆರಡು ಸೊನ್ನೆ ನೋಡುವ ಶಕ್ತಿ ಅವಳಿಗಿರಲಿಲ್ಲ. ವಾಣಿ ತಾನಾಗಿ ಬಾಯಿಬಿಡುವ ಮೊದಲು, ಅಣ್ಣನಿಗೆ ಹೇಳುವ ಮೊದಲು, ತಾನೇ ಹೋಗಿ ಹೇಳಿಬಿಟ್ಟರೆ ಒಂದಿಷ್ಟಾದರೂ ಪ್ರೀತಿ ಉಳಿದೀತು ಅನ್ನಿಸಿತು.

ಮರುದಿನ ಬೆಳಿಗ್ಗೆ ಮಲ್ಲಿಕ್‌ಗೆ ಸೀರೆಯ ನೆಪ ಹೇಳಿ ಮೊಳಕಾಲ್ಮುರಿನ ಬಸ್ಸು ಹತ್ತಿದಳು. ತಳಕು ದಾಟುವವರೆಗೂ ಮಾತುಗಳನ್ನು ಒಂದೊಂದೇ ಜೋಡಿಸಿಕೊಂಡಳು. ಹಾನಗಲ್ ಬರುವಷ್ಟರಲ್ಲಿ ಅದರಲ್ಲಿ ಅರ್ಧ ಮರೆತುಹೋಗಿತ್ತು.

ವಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೊಸ ಸೀರೆಗಳ ಮಡಿಕೆಗೆ ಕಾಗದ ಇಡುತ್ತಿದ್ದಳು. ಮುಂದೆ ಅವಳ ಗಂಡ ನೇಕಾರರೊಬ್ಬರ ಜೊತೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಂಚಿನ ಬಣ್ಣದ ಮಾತಾಡುತ್ತಿದ್ದ. ಅತ್ತಿಗೆಯನ್ನು ಕಂಡು ವಾಣಿ ಸೀರೆಗಳನ್ನು ಸರಿಸಿ ಎದ್ದೇಬಿಟ್ಟಳು.

"ಅಯ್ಯೋ ಅತ್ತಿಗೆ! ಒಂದು ಫೋನಾದ್ರೂ ಮಾಡಬಾರ್ದಾ? ಕೂತ್ಕಳ್ರಿ, ಕಾಫಿಗಿಡ್ತೀನಿ."

"ಕಾಫಿ ಬ್ಯಾಡ. ಕೂತ್ಕ." ಮಂಗಳಗೌರಿ ಬ್ಯಾಗಿನಿಂದ ಐದನೆಯ ಭಾಗ ತೆಗೆದು, ನಲವತ್ತೊಂದನೆಯ ಪುಟ ತೆರೆದು ಅವಳ ಮುಂದಿಟ್ಟಳು. ಜೋಡಿಸಿಕೊಂಡಿದ್ದ ಮಾತೊಂದೂ ಬರಲಿಲ್ಲ, ಬಂದದ್ದೆಲ್ಲ ಒಂದೇ ಉಸಿರಿಗೆ ಬಂತು. "ಈ ಸೊನ್ನೆ ನೀನ್ ಯಾಕೆ ಸುತ್ತಿದ್ದೀಯ ಅಂತ ನಂಗೊತ್ತೈತೆ ವಾಣಿ. ಆ ಇಂಟರ್‌ವ್ಯೂ ಕಾಗ್ದ ಬಂದಿತ್ತು. ನಾನೇ ಮುಚ್ಚಿಟ್ಟೆ. ಆಮೇಲೆ ಒಲೆಗೆ ಹಾಕ್ದೆ. ಅತ್ತೆ ಚಾಕರಿ ನನ್ ತಲೆಗೆ ಬರ್ತೈತೆ ಅಂತ ಹೆದರಿದ್ದೆ. ನನ್ನ ಬೈಯಿ, ಹೊಡಿ, ಹಿಂಗೆ ಸುತ್ತಿ ಸುತ್ತಿ ಕೊಲ್ಲಬ್ಯಾಡ."

ವಾಣಿ ಮೊದಲು ಸೊನ್ನೆಯನ್ನು ನೋಡಿದಳು. ನಗು ಆಗಲೇ ಮುಖದ ಮೇಲಿತ್ತು, ಕೇಳಿದ್ದು ಇನ್ನೂ ಒಳಗಿಳಿದಿರಲಿಲ್ಲ.

"ಇದಾ? ಇದು ಓಂಕಾರಮೂರ್ತಿ ಮೇಷ್ಟ್ರ ಗುರ್ತು ಅತ್ತಿಗೆ. ರಿಟೈರ್ ಆದ್ಮೇಲೆ ಓದಿದ್ದೇ ಮರ್ತು ಹೋಗ್ತೈತಂತೆ. ಓದಿ ಮುಗಿಸಿದ್ದಕ್ಕೆ ಅವರ ಮನೆ ನಂಬರಿನ ಪುಟಕ್ಕೆ ಒಂದು ಸೊನ್ನೆ ಸುತ್ತಿಡ್ತಾರೆ. ಒಂದ್ನೇ ಭಾಗದಾಗೂ ಐತೆ, ಎರಡ್ನೇದ್ರಾಗೂ ಐತೆ. ನೀವ್ ನೋಡಿಲ್ವಾ?" ಎಂದವಳು ಅಲ್ಲಿಗೆ ನಿಂತಳು. "ಯಾವ ಕಾಗ್ದ ಅಂದ್ರಿ?"

ಇನ್ನೂ ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. "ನಿನ್ ಮೇಷ್ಟ್ರ ಕೆಲ್ಸದ್ದು," ಎಂದಳು ಮಂಗಳಗೌರಿ. ವಾಣಿಯ ಮುಖದ ನಗು ಎಲ್ಲಿ ಹೋಗಲಿ ಎಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಆರಿತು.

"ಯಾವ ತಾರೀಖಿತ್ತು ಅದ್ರಾಗೆ?"

"ಜನವರಿ ನಾಲ್ಕು."

ಗೊತ್ತಿದ್ದವಳು ತಾರೀಖು ಕೇಳುತ್ತಿರಲಿಲ್ಲ. ಅವಳಿಗೆ ಏನೇನೂ ಗೊತ್ತಿರಲಿಲ್ಲ. ಹೇಳದಿದ್ದರೆ ಸಾಯುವವರೆಗೂ ಗೊತ್ತಾಗುತ್ತಿರಲಿಲ್ಲ. ಮಂಗಳಗೌರಿಗೆ ತನ್ನ ದಡ್ಡತನಕ್ಕೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು, ಹಾಗೆನಿಸಿದ್ದಕ್ಕೆ ತನ್ನ ಮೇಲೆ ಹೇಸಿಗೆಯೂ ಆಯಿತು.

ವಾಣಿ ಕೂಗಾಡಲಿಲ್ಲ. ಮಡಿಲಲ್ಲಿದ್ದ ಸೀರೆಯನ್ನು ಪಕ್ಕಕ್ಕಿಟ್ಟಳು.

"ನನ್ ಜೊತೆ ಓದಿದೋರಿಗೆಲ್ಲ ಕಾಗ್ದ ಬಂದಿತ್ತು ಅಂತ ಆಮೇಲೆ ಗೊತ್ತಾಯ್ತು ಅತ್ತಿಗೆ. ನಂಗೊಬ್ಬಳಿಗೆ ಯಾಕ್ ಬರ್ಲಿಲ್ಲ? ಅಪ್ಪನೇ ಹರಿದು ಹಾಕಿರ್ಬೇಕು ಅಂದ್ಕಂಡೆ. ಅಪ್ಪಗೆ ಇಷ್ಟ ಇರ್ಲಿಲ್ವಲ್ಲ. ಒಂದ್ಸಲ ಕೇಳ್ದೆ. ನಾನ್ ನೋಡಿಲ್ಲ ಅಂದ್ರು. ನಾನು ನಂಬಲಿಲ್ಲ. ಅವತ್ತಿಂದ ಅಪ್ಪನ ಜೊತೆ ಹೂಂ ಊಹೂಂ ಬಿಟ್ರೆ ಒಂದ್ ಮಾತಾಡ್ಲಿಲ್ಲ. ಕೊನೇಗೆ ಮೂರ್ ಸಲ ಹೇಳಿ ಕಳ್ಸಿದ್ರು. ಸೀರೆ ಸೀಸನ್ನು, ಬರಕ್ಕಾಗಲ್ಲ ಅಂದೆ. ಬಾಯಿಗೆ ನೀರು ಬಿಡಾಕೂ ಬರ್ಲಿಲ್ಲ ನಾನು."

ಮಂಗಳಗೌರಿ ಅವಳ ಕೈ ಹಿಡಿಯಲು ಹೋದಳು. ವಾಣಿ ಕೈಯನ್ನು ಹಿಂದಕ್ಕೆಳೆಯಲಿಲ್ಲ, ಕೊಡಲೂ ಇಲ್ಲ.

"ಕೊನೇಗೆ ಹತ್ರ ಇದ್ದೋರು ನೀವು. ಅಪ್ಪ ನನ್ ಬಗ್ಗೆ ಏನಾರ ಅಂದ್ರಾ ಅತ್ತಿಗೆ?"

ಈ ಒಂದನ್ನು ಮಂಗಳಗೌರಿ ತನ್ನಷ್ಟಕ್ಕೆ ತಾನೂ ಹೇಳಿಕೊಂಡಿರಲಿಲ್ಲ. ಮಾವನ ಜ್ವರದ ಬಡಬಡಿಕೆ ಎಂದು ಅಂದೇ ಮನಸ್ಸಿನಿಂದ ತಳ್ಳಿಬಿಟ್ಟಿದ್ದಳು. ಏನೂ ಅನ್ನಲಿಲ್ಲ ಎಂದರೆ ಮುಗಿಯುತ್ತಿತ್ತು. ಇದನ್ನು ಯಾವ ಪುಸ್ತಕವೂ ಬಯಲು ಮಾಡುತ್ತಿರಲಿಲ್ಲ, ಯಾರಿಗೂ ಇದರ ಮೇಲೆ ಸಂಶಯವಿರಲಿಲ್ಲ. ಆದರೆ ವಾಣಿಯ ಕಣ್ಣುಗಳು ಅವಳ ಬಾಯಿಯ ಮೇಲೆಯೇ ಇದ್ದವು, ಮತ್ತೆ ಈ ಸಲ ಅವು ನಿಜವಾಗಿಯೂ ಬೇಡುತ್ತಿದ್ದವು.

"ಅಂದ್ರು," ಎಂದಳು. "ಆ ಕಾಗ್ದ ನನ್ ಕೈಗೆ ಬರ್ಲಿಲ್ಲ ಅಂತ ವಾಣಿಗೆ ಹೇಳವ್ವ, ಅಂದ್ರು."

"ಯಾರ್ ಹತ್ರ?"

"ನನ್ ಹತ್ರಾನೇ. ಹೋಗೋ ಹಿಂದಿನ ದಿನ."

ಮುಂದಿನ ಅಂಗಡಿಯಲ್ಲಿ ಯಾರೋ ಸೀರೆ ಕೊಡವಿದ ಸದ್ದಾಯಿತು. ವಾಣಿ ಪುಸ್ತಕ ಮುಚ್ಚಿ, ಮಂಗಳಗೌರಿಯ ಬ್ಯಾಗಿನೊಳಗಿಟ್ಟು, ಜಿಪ್ ಎಳೆದು ಅವಳ ಕೈಗೆ ಕೊಟ್ಟಳು.

"ಹನ್ನೆರಡೂವರೆಗೆ ಬಸ್ಸೈತೆ," ಎಂದಳು. ಮಂಗಳಗೌರಿ ಚಳ್ಳಕೆರೆಯ ಮನೆಗೆ ಸೊಸೆಯಾಗಿ ಬಂದ ದಿನದಿಂದ ಇವತ್ತಿನವರೆಗೆ ವಾಣಿ ಅತ್ತಿಗೆ ಎನ್ನದೆ ಅವಳನ್ನು ಬೀಳ್ಕೊಟ್ಟದ್ದು ಅದೇ ಮೊದಲು. ಮಂಗಳಗೌರಿ ಆ ಮಾತಿಗಾಗಿ ಬಾಗಿಲಲ್ಲಿ ಒಂದು ಗಳಿಗೆ ಕಾದಳು. ಅದು ಬರಲಿಲ್ಲ.