ಏಳು ತಟ್ಟೆ ಪಾಚಿ

ಲಿಂಗರಾಜು ಅಕ್ಕನ ಹೆಣವಿದ್ದ ಫ್ರೀಜರ್ ಪೆಟ್ಟಿಗೆಯ ಪ್ಲಗ್ ಕಿತ್ತ.

"ಏನ್ಲಾ ಮಾಡ್ತಿದ್ದೀಯೆ?" ಜಗಲಿಯಿಂದ ಸಣ್ಣಬೀರಯ್ಯ ಕೂಗಿದ. ಗಾವಡಗೆರೆಯಲ್ಲಿ ಯಾರ ಮನೆ ಸಾವಾದರೂ ಮುಂದೆ ನಿಂತು ಮಣ್ಣು ಮಾಡಿಸುವ ಹಿರಿಯ; ಅವನ ಮಾತು ಮೀರಿದವರು ಕಡಿಮೆ.

ಬೆಳಿಗ್ಗೆಯ ಗಾಳಿಮಳೆಗೆ ಕಂಬ ಉರುಳಿ ಊರಿಗೇ ಕರೆಂಟಿರಲಿಲ್ಲ. ಬಾಡಿಗೆಗೆ ತಂದ ಪುಟ್ಟ ಜನರೇಟರು ಹೆಣದ ಪೆಟ್ಟಿಗೆಯನ್ನೂ ಅಕ್ಕನ ಕೋಣೆಯ ಫ್ರಿಜ್ಜನ್ನೂ ಒಟ್ಟಿಗೆ ಎಳೆಯಲಾರದೆ ಎರಡು ಸಲ ನಿಂತುಹೋಗಿತ್ತು. ಫ್ರಿಜ್ಜಿನಲ್ಲಿದ್ದದ್ದು ಏಳು ತಟ್ಟೆ ಪಾಚಿ. ಅಕ್ಕ ಸುಕನ್ಯ ವಿಜ್ಞಾನಿಯಾಗಿ ಮೂರು ಸಲ ಅಂಟಾರ್ಕ್ಟಿಕಾಗೆ ಹೋಗಿ ತಂದಿದ್ದು. ಅದನ್ನೊಯ್ಯಲು ಅವಳ ಶಿಷ್ಯೆ ಪೂಜಾ ಮೈಸೂರಿನಿಂದ ಬರುವುದು ಸಂಜೆಗೆ.

"ಮದ್ಯಾನ್ನಕ್ಕೇ ಮಣ್ಣು ಮಾಡ್‌ಬುಡಾನ ಮಾವ," ಎಂದ ಲಿಂಗರಾಜು.

"ಜಯಲಕ್ಷ್ಮಮ್ಮ ಅಂತರಸಂತೆಯಿಂದ ಬರಬೇಕಲ್ಲೋ! ಒಡಹುಟ್ಟಿದೋಳು, ಮಕ ನೋಡೋದ್ ಬ್ಯಾಡ್ವಾ? ದಾರೀಲಿ ಮರ ಬಿದ್ದದಂತೆ, ಮೂರು ಗಂಟೆ ಆಯ್ತದೆ."

"ಈ ಸೆಕೇಲಿ ಅಲ್ಲೀಗಂಟ ಇಡಕ್ಕಾಯ್ತದಾ?"

"ಅದುಕ್ಕೇ ತಾನೆ ಪೆಟ್ಟಿಗೆ ತಂದಿರಾದು! ಹೆಣಕ್ಕಿಂತ ಪಾಚಿ ಎಚ್ಚಾಯ್ತೇನ್ಲಾ ನಿಂಗೆ?"

ಲಿಂಗರಾಜು ಫ್ರಿಜ್ಜಿನ ಪ್ಲಗ್ ಸಿಕ್ಕಿಸಿದ.

*

ಎರಡು ವರ್ಷದ ಹಿಂದೆ ಇದೇ ಫ್ರಿಜ್ಜಿನ ಪ್ಲಗ್ ಕಿತ್ತು, ಹೊಗೆಸೊಪ್ಪಿನ ಸಸಿಮಡಿಗೆ ನೀರು ಬಿಡಲು ಮೋಟಾರು ಹಾಕಿದವನೂ ಅವನೇ. ತಿರುಗಿ ಹಾಕುವುದು ಮರೆತುಹೋಯಿತು. ಸುಕನ್ಯ ಮೈಸೂರಿನಿಂದ ಬರುವಷ್ಟರಲ್ಲಿ ಹನ್ನೆರಡು ತಟ್ಟೆಗಳಲ್ಲಿ ಐದು ಕೊಳೆತಿದ್ದವು.

ಅವಳು ಬೈಯಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿದಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

"ಇನ್ನೊಂದ್ಸಲ ಹೋದಾಗ ತಂದ್ರಾಯ್ತು ಬುಡಕ್ಕ."

"ರಿಟೈರಾದೋಳ್ನ ಯಾರು ಕರ್ಕೊಂಡೋಗ್ತಾರೆ? ಇದು ವರ್ಷಕ್ಕೊಂದು ರಾಗಿಕಾಳಿನಷ್ಟು ಬೆಳೆಯೋದು ಕಣೋ."

"ಪಾಚಿ ನಮ್ ಕೆರೇಲೂ ಅದಲ್ಲ!"

ಸುಕನ್ಯ ನಕ್ಕಳು. "ಒಂದು ಕಾಲಕ್ಕೆ ಆ ನೆಲ, ನಮ್ಮ ನೆಲ ಎಲ್ಲ ಒಟ್ಟಿಗೇ ಇತ್ತು. ಆಮೇಲೆ ಅಣ್ಣತಮ್ಮಂದಿರ ಥರ ಪಾಲಾಯ್ತು. ನಮಗೆ ಬಿಸಿಲು ಬಂತು, ಅದಕ್ಕೆ ಹಿಮ. ಅಲ್ಲಿದ್ದ ಕಾಡೆಲ್ಲ ಸತ್ತೋಯ್ತು. ಇಂಥ ಪಾಚಿ ಹೆಂಗೆ ಬದಲಾಗಿ ಬದುಕ್ತು ಅಂತ ಮೂವತ್ತು ವರ್ಷದಿಂದ ನೋಡ್ತಿದ್ದೀನಿ."

"ಗೊತ್ತಾಯ್ತಾ?"

"ಅರ್ಧ. ಮಿಕ್ಕಿದ್ದು ಪೂಜಾ ನೋಡ್ತಾಳೆ, ತಟ್ಟೆ ಉಳಿದ್ರೆ."

ಮನೆ ಪಾಲಾದಾಗಲೂ ಅವಳು ಕೇಳಿದ್ದು ಫ್ರಿಜ್ಜಿಡಲು ಒಂದು ಕೋಣೆಯನ್ನಷ್ಟೆ.

*

ಸಣ್ಣಬೀರಯ್ಯ ಗೊಣಗುತ್ತಲೇ ಒಂದು ಗಂಟೆಗೆ ಮಣ್ಣು ಮಾಡಿಸಿದ. ಜಯಲಕ್ಷ್ಮಮ್ಮ ಏದುಸಿರು ಬಿಡುತ್ತ ಹೊಲಕ್ಕೆ ಬಂದಾಗ ಗುಂಡಿ ಮುಚ್ಚಿ, ಮೇಲೆ ಹೂವೂ ಬಿದ್ದಿತ್ತು. ಒಂದು ಹಿಡಿ ಮಣ್ಣು ಹಾಕಿ ತಮ್ಮನ ಕಡೆ ತಿರುಗಿದಳು.

"ಎತ್ತಾಡ್ಸಿದ್ ತಂಗಿ ಕಣ್ಲಾ! ಎಲ್ಡು ಗಳಿಗೆ ಕಾಯಕ್ಕಾಗ್ನಿಲ್ವಾ ಪಾಪಿ?"

ಲಿಂಗರಾಜು ಅತ್ತ. ಪಾಚಿಯ ವಿಷಯ ಹೇಳಿದ; ಏನು ಹೇಳಿದರೂ ತಪ್ಪು ತಪ್ಪೇ.

ಮಣ್ಣು ಮಾಡಿ ಮಿಂದು ಬಂದವರು ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಒಬ್ಬೊಬ್ಬರೇ ಬಗ್ಗಿ ನೋಡಿದರು. ಜಯಲಕ್ಷ್ಮಮ್ಮ ನೋಡಿದಳು, ಅಲ್ಲಿಂದ ಕದಲಲಿಲ್ಲ.

"ಯಾತುಕ್ಕೋಸ್ಕರ ನಂಗೆ ಮಕ ತೋರಿಸ್ನಿಲ್ವೋ, ಅದ ತೋರ್ಸು."

ಅವನು ಕೋಣೆಗೆ ಕರೆದೊಯ್ದು ಫ್ರಿಜ್ಜಿನ ಬಾಗಿಲು ತೆಗೆದ. ಒಳಗಿನ ಪುಟ್ಟ ಬಲ್ಬು ಹತ್ತಿತು. ಏಳು ತಟ್ಟೆ, ಒಂದೊಂದರ ಮೇಲೂ ಸುಕನ್ಯಳ ದುಂಡಗಿನ ಅಕ್ಷರ, ಒಳಗೆ ಹೆಬ್ಬೆರಳಗಲದ ಹಸಿರು. ದೀಪ ನೋಡಿ ಹೊರಟಿದ್ದವರು ಸಣ್ಣಬೀರಯ್ಯನ ಹಿಂದೆ ನಿಂತು, ಒದ್ದೆ ತಲೆಗಳನ್ನು ಬಗ್ಗಿಸಿ ಬಾಗಿಲಿಂದಲೇ ಇಣುಕಿದರು.

ಜಯಲಕ್ಷ್ಮಮ್ಮ ಬೆರಳು ಚಾಚಿದವಳು, ಮುಟ್ಟದೆ ಹಿಂದಕ್ಕೆಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

"ಬಾಗ್ಲಾಕ್ಲಾ," ಎಂದಳು. "ಸೆಕೆ ಒಳೀಕ್ ನುಗ್ತದೆ."